ಖಾತೆ ಇದ್ದ ಮಾತ್ರಕ್ಕೆ ಮನೆ ನಿಮ್ಮದಲ್ಲ

ಹಳ್ಳಿಯಲ್ಲಿ ಮನೆ ಕೊಳ್ಳಲು ಇ-ಸ್ವತ್ತು ಖಾತೆಯೊಂದಿದ್ದರೆ ಸಾಕು, ವಕೀಲರ ಖರ್ಚು ದಂಡ ಎಂದು ಕಳೆದ ಸಂಚಿಕೆಯ ಲೇಖಕರು ಧೈರ್ಯ ತುಂಬಿದ್ದಾರೆ. ಇದು ಜನರನ್ನು ಹಾಳುಗೆಡಹುವ ಧೈರ್ಯ.

ಇ-ಸ್ವತ್ತು ಖಾತೆಯೆಂದು ಕೈಗೆ ಬರುವ ಪಂಚಾಯಿತಿಯ ನಮೂನೆ 9 ಮತ್ತು 11 ಮೂಲತಃ ತೆರಿಗೆಗಾಗಿ ಇರುವ ದಾಖಲೆಗಳು. ಅವು ಒಡೆತನ ಕೊಡುವುದಿಲ್ಲ. ಒಡೆತನ ನಿಲ್ಲುವುದು ಮೂಲಪತ್ರಗಳ ಸರಪಳಿಯ ಮೇಲೆ.

ಋಣಭಾರ ಪತ್ರವನ್ನೂ ಲೇಖಕರು ಅತಿಯಾಗಿ ನಂಬಿದ್ದಾರೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಪಾಲು ಊರ ಹಿರಿಯರ ಮುಂದೆ, ಛಾಪಾ ಕಾಗದದ ಮೇಲೆ, ನೋಂದಣಿಯಿಲ್ಲದ ಪಂಚಾಯ್ತಿ ಪಾರಿಕತ್ತಾಗಿಯೇ (ವಿಭಾಗಪತ್ರ) ಮುಗಿದಿವೆ; ಅವು ಋಣಭಾರ ಪತ್ರದಲ್ಲಿ ಕಾಣವು. ಅಣ್ಣ ಮನೆ ಮಾರುತ್ತಾನೆ. ಮದುವೆಯಾಗಿ ಹೋದ ತಂಗಿಯ ಸಹಿ ಯಾರೂ ಕೇಳುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಅವಳಿಗೂ ಸಮಪಾಲು ಕೊಟ್ಟಿದೆ. ನಾಳೆ ಅವಳು ದಾವೆ ಹೂಡಿದರೆ ಕೋರ್ಟಿಗೆ ಅಲೆಯುವವರು ನೀವು. ಆದ್ದರಿಂದ ವಂಶವೃಕ್ಷ ತೆಗೆಸಿ, ಹಕ್ಕುದಾರರೆಲ್ಲರ ಸಹಿ ಪಡೆಯಿರಿ.

ಜಾಗ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದೂ ನೋಡಿ. 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಂತೆ, ಅಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಕ್ರಯವೇ ಅಸಿಂಧು. ಕೃಷಿ ಜಮೀನಿನಲ್ಲಿ ಎದ್ದ ಮನೆಯಾದರೆ ಭೂಪರಿವರ್ತನೆಯ ಆದೇಶ ಕೇಳಿ. ಸರ್ವೆ ನಕ್ಷೆ ಹಿಡಿದು ಚಕ್ಕುಬಂದಿಯನ್ನು ಸ್ಥಳದಲ್ಲೇ ತಾಳೆ ನೋಡಿ.

ವಕೀಲರ ಶುಲ್ಕ ಒಮ್ಮೆ ಕೊಡುವಂಥದ್ದು, ಸಿವಿಲ್ ದಾವೆ ಮಕ್ಕಳ ಕಾಲಕ್ಕೂ ಮುಗಿಯದು. ಜೀವಮಾನದ ಉಳಿತಾಯ ಸುರಿಯುವವರಿಗೆ ಲೇಖಕರು ಹೇಳಬೇಕಿದ್ದದ್ದು ಇದನ್ನೇ: ಕಾಗದ ಪೂರ್ತಿ ನೋಡುವವರೆಗೆ ಮುಂಗಡ ಕೊಡಬೇಡಿ.