ಸಾಕುಪ್ರಾಣಿಯ ಹೆಸರೂ ನಾಮೌಚಿತ್ಯವೂ

ಹೆಸರಿಡುವುದೆಂದರೆ ಬರಿಯ ಗುರುತು ಹಾಕುವುದಲ್ಲ. ಹೆಸರಿಟ್ಟವನ ಅರಿವು, ಅಭಿರುಚಿ, ಆಶಯಗಳೆಲ್ಲವೂ ಆ ನಾಲ್ಕಕ್ಷರಗಳಲ್ಲಿ ಅಡಗಿರುತ್ತವೆ. ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳದ್ದಾಗಿರಬೇಕೆಂಬ ಯಾಜ್ಞಿಕರ ವಿಧಿಯನ್ನು ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿಯೇ ಎತ್ತಿ ಹೇಳಿ, ಅದನ್ನು ವ್ಯಾಕರಣಾಧ್ಯಯನದ ಪ್ರಯೋಜನಗಳಲ್ಲೊಂದಕ್ಕೆ ಆಧಾರವಾಗಿಸಿದ್ದಾನೆ. 11ನೆಯ ಶತಮಾನದ ಕಾಶ್ಮೀರ ಕವಿ ಕ್ಷೇಮೇಂದ್ರನು ತನ್ನ 'ಔಚಿತ್ಯವಿಚಾರಚರ್ಚಾ' ಗ್ರಂಥದಲ್ಲಿ ಪದ, ವಾಕ್ಯ, ಗುಣ, ರಸ ಮುಂತಾದವುಗಳ ಸಾಲಿನಲ್ಲಿ ನಾಮೌಚಿತ್ಯಕ್ಕೂ ಸ್ಥಾನವನ್ನಿತ್ತಿದ್ದಾನೆ.

ಇಂತಹ ಮಹನೀಯರನ್ನು ಸ್ಮರಿಸಿ ನಾನು ಹೇಳಹೊರಟಿರುವ ವಿಷಯವು ಕೆಲವರಿಗೆ ಅತ್ಯಲ್ಪವೆಂದು ತೋರಬಹುದು. ಅದು ಅಂತರ್ಜಾಲದ ಆಟಗಳಲ್ಲಿ ಎಳೆಯರೂ ತರುಣರೂ ಸಾಕುವ ತೆರೆಯ ಮೇಲಿನ ಪ್ರಾಣಿಗಳಿಗೆ ಇಡುವ ಹೆಸರುಗಳ ವಿಷಯ. 1996ರಲ್ಲಿ ಜಪಾನಿನ ಬಂದಾಯ್ ಸಂಸ್ಥೆಯು 'ತಮಗೋಚಿ' ಎಂಬ, ಅಂಗೈಯಲ್ಲಿ ಹಿಡಿಯಬಹುದಾದ ಮೊಟ್ಟೆಯಾಕಾರದ ಆಟಿಕೆಯನ್ನು ಹೊರತಂದಿತು. ಹೊತ್ತಿಗೆ ಸರಿಯಾಗಿ ಉಣಿಸದಿದ್ದರೆ ಅದರೊಳಗಿನ ಜೀವಿ ಸಾಯುತ್ತಿತ್ತು. 1999ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ 'ನಿಯೋಪೆಟ್ಸ್' ಎಂಬ ಆಟದಲ್ಲಾದರೋ ಪ್ರಾಣಿ ಹಸಿಯುತ್ತದೆ, ಸಾಯುವುದಿಲ್ಲ. ಅಲ್ಲಿ ಒಂದು ಹೆಸರನ್ನು ಒಂದು ಪ್ರಾಣಿಗೆ ಮಾತ್ರ ಇಡಬಹುದೆಂಬ ನಿಯಮವಿದೆ. ಆದಕಾರಣ ಸೊಗಸಾದ ಹೆಸರುಗಳನ್ನು ಮೊದಲು ಬಂದವರು ವಶಮಾಡಿಕೊಂಡರೆ, ಹಿಂದೆ ಬಂದವರು ಅದೇ ಹೆಸರಿನ ಬೆನ್ನಿಗೆ ಅಂಕಿಗಳನ್ನೋ ಅಡಿಗೆರೆಗಳನ್ನೋ ಅಂಟಿಸಿ ತೃಪ್ತಿಪಡಬೇಕಾಗುತ್ತದೆ.

ಹೀಗೆ ಬೇಡಿಕೆಯುಳ್ಳ ಹೆಸರುಗಳಲ್ಲಿ ಗ್ರೀಕ್ ಪುರಾಣದವು ಸೇರಿವೆ: ಪೆಗಾಸಸ್, ಇಕಾರಸ್, ಪರ್ಸೆಫೊನಿ, ಹೇಡೀಸ್, ಮೆಡೂಸಾ. ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂಬ ನಮ್ಮ ವ್ಯಾಕರಣದ ವಿಭಾಗವನ್ನು ನೆನೆದರೆ, ಇವು ಅಂಕಿತನಾಮಗಳಾಗಿಯೂ ಅನ್ವರ್ಥದ ಛಾಯೆಯನ್ನು ಬಯಸುವಂಥವು. ರೆಕ್ಕೆಯುಳ್ಳ ಕುದುರೆಗೆ ಪೆಗಾಸಸ್ ಎಂದರೆ ಒಪ್ಪುತ್ತದೆ. ಕಥೆಯಲ್ಲಿಯೂ ಅದು ರೆಕ್ಕೆಯ ಕುದುರೆಯೇ. ಹಾರುವ ಪ್ರಾಣಿಗೆ ಇಕಾರಸ್ ಎಂದಾಗ ಮಾತ್ರ ತುಸು ನಿಂತು ಯೋಚಿಸಬೇಕು. ತಂದೆಯ ಮಾತನ್ನು ಮೀರಿ ಸೂರ್ಯನ ಸಮೀಪಕ್ಕೆ ಹಾರಿ, ಮೇಣ ಕರಗಿ ಕಡಲಿಗೆ ಬಿದ್ದ ಬಾಲಕ ಅವನು. ಹೇಡೀಸ್ ಎಂಬುದು ಮೃತರ ಲೋಕದ ಒಡೆಯನ ಹೆಸರು. ಗ್ರೀಕರು ಅದನ್ನು ಬಾಯಲ್ಲಿ ನುಡಿಯಲು ಅಂಜಿ, ಸಂಪತ್ತನ್ನೀವವನೆಂಬರ್ಥದ ಪ್ಲೂಟೋನ್ ಎಂಬ ಮಂಗಳನಾಮದಿಂದ ಅವನನ್ನು ಕರೆಯುತ್ತಿದ್ದರು. ಪರ್ಸೆಫೊನಿಯು ಹೂ ಕೊಯ್ಯುತ್ತಿದ್ದಾಗ ಅವನಿಂದ ಅಪಹೃತಳಾದ ಕನ್ಯೆ. ಅವಳ ತಾಯಿಯ ಶೋಕದಿಂದ ಭೂಮಿಯೇ ಬಂಜೆಯಾಯಿತೆಂದು ಕಥೆ. ಕಿವಿಗೆ ಇಂಪಾಯಿತೆಂಬ ಒಂದೇ ಕಾರಣಕ್ಕೆ ಇಷ್ಟೊಂದು ದುಃಖವನ್ನು ಒಂದು ಮುದ್ದು ಪ್ರಾಣಿಯ ಕೊರಳಿಗೆ ಕಟ್ಟುವುದು ಉಚಿತವೇ?

ಆಟದಲ್ಲಿ ಇಷ್ಟು ವಿಚಾರವೇಕೆ ಎಂಬ ಆಕ್ಷೇಪ ಬರಬಹುದು. ಆಟವೆಂದೇ ವಿಚಾರ ಬೇಕು. ಬಾಲ್ಯದಲ್ಲಿ ಆಟದ ಮೂಲಕ ಬಂದ ಶಬ್ದವು ಪಾಠದ ಮೂಲಕ ಬಂದ ಶಬ್ದಕ್ಕಿಂತ ಆಳವಾಗಿ ನೆಲೆಸುತ್ತದೆ. ಕಥೆಯಿಂದ ಕಳಚಿಬಂದ ಹೆಸರು ಕ್ರಮೇಣ ಬರಿಯ ಸದ್ದಾಗುತ್ತದೆ. ಕೊನೆಗೆ ಅಂಕಿಯೊಡನೆ ಸೇರಿ ಅಂಕಿಯಂತೆಯೇ ಆಗುತ್ತದೆ. ಪರದೇಶದ ಪುರಾಣವೇಕೆ, ನಮ್ಮದಿಲ್ಲವೇ ಎಂಬ ಇನ್ನೊಂದು ಆಕ್ಷೇಪವನ್ನೂ ನಾನು ಒಪ್ಪಲಾರೆ. ಕನ್ನಡಕ್ಕೆ ಗ್ರೀಕ್ ಸಾಹಿತ್ಯವು ಅಪರಿಚಿತವಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಿಸಿದರು. ಸೊಫೋಕ್ಲೀಸನ 'ಏಜಾಕ್ಸ್' ನಾಟಕವನ್ನು ಮಾತ್ರ 'ಅಶ್ವತ್ಥಾಮನ್' ಆಗಿ ಮಾರ್ಪಡಿಸಿದರು. ಆ ಗ್ರೀಕ್ ವೀರನ ಕ್ರೋಧಕ್ಕೂ ಅವಮಾನಕ್ಕೂ ಸರಿಸಾಟಿಯಾದ ಹೆಸರನ್ನು ಮಹಾಭಾರತದಲ್ಲಿ ಅವರು ಹುಡುಕಿದ ಬಗೆಯನ್ನು ಕಂಡವರಿಗೆ ನಾಮೌಚಿತ್ಯವೆಂದರೇನೆಂಬುದು ಬೇರೆ ಹೇಳಬೇಕಾಗಿಲ್ಲ. ಎರಡು ಕಥೆಗಳನ್ನೂ ಬಲ್ಲವನಿಗೆ ಮಾತ್ರ ಸಾಧ್ಯವಾಗುವ ಕಾರ್ಯವದು.

ಇನ್ನು ಗ್ರೀಕರೇ ತಮ್ಮ ಪ್ರಾಣಿಗಳನ್ನು ಏನೆಂದು ಕರೆಯುತ್ತಿದ್ದರು? ಬೇಟೆಯನ್ನು ಕುರಿತು ಗ್ರಂಥ ಬರೆದ ಕ್ಸೆನೊಫೋನನು ನಾಯಿಗಳಿಗೆ ಕೂಗಲು ಸುಲಭವಾದ ಚಿಕ್ಕ ಹೆಸರುಗಳಿರಬೇಕೆಂದು ವಿಧಿಸಿ, ಒಂದು ದೀರ್ಘವಾದ ಪಟ್ಟಿಯನ್ನೇ ಕೊಟ್ಟಿದ್ದಾನೆ. ಪ್ರಾಣ, ಈಟಿ, ಕಾವಲುಗಾರ, ಬಲ ಎಂಬಂಥ ಅರ್ಥಗಳುಳ್ಳ ಹೆಸರುಗಳವು. ಬಹುಮಟ್ಟಿಗೆ ಎರಡೆರಡು ಅಕ್ಷರಗಳವು. ಪತಂಜಲಿಯು ಉದ್ಧರಿಸಿದ ವಿಧಿಗೂ ಈ ಬೇಟೆಗಾರನ ವಿಧಿಗೂ ಇರುವ ಹೋಲಿಕೆ ಕುತೂಹಲಕರವಾದದ್ದು. ಕರೆಯುವವನ ಬಾಯಿಗೂ ಕೇಳುವವನ ಕಿವಿಗೂ ಹಿತವಾದ ಮಿತಿಯೊಂದನ್ನು ಎರಡು ದೇಶಗಳವರೂ ಬೇರೆಬೇರೆಯಾಗಿಯೇ ಕಂಡುಕೊಂಡಿದ್ದರು.

ಗ್ರೀಕ್ ಕಾವ್ಯದ ಸಾಕುಪ್ರಾಣಿಗಳಲ್ಲಿ ನನ್ನ ಮನಸ್ಸನ್ನು ಅತ್ಯಂತ ಕಲಕಿದುದು ಹೋಮರನ 'ಒಡಿಸ್ಸಿ'ಯ 17ನೆಯ ಸರ್ಗದಲ್ಲಿ ಬರುವ ಆರ್ಗೋಸ್ ಎಂಬ ನಾಯಿ. ವೇಗಶಾಲಿಯೆಂಬುದು ಆ ಹೆಸರಿನ ಒಂದರ್ಥ. ಒಡೆಯನಾದ ಒಡಿಸ್ಯೂಸನು ಯುದ್ಧಕ್ಕೆ ಹೋದನು. 20 ವರ್ಷಗಳ ಬಳಿಕ ಭಿಕ್ಷುಕನ ವೇಷದಲ್ಲಿ ಹಿಂದಿರುಗಿದಾಗ, ಆ ವೇಗಶಾಲಿಯು ಉಣ್ಣೆಗಳಿಂದ ತುಂಬಿ ಸಗಣಿಯ ರಾಶಿಯ ಮೇಲೆ ಬಿದ್ದಿತ್ತು. ಎದ್ದು ಬಳಿಗೆ ಬರಲು ತ್ರಾಣವಿಲ್ಲದೆ ಬಾಲವನ್ನಷ್ಟೇ ಅಲುಗಿಸಿತು. ತನ್ನ ಗುರುತು ಬಯಲಾಗಬಾರದೆಂದು ಒಡೆಯನು ಕಣ್ಣೀರನ್ನು ಮರೆಮಾಡಿಕೊಂಡನು. ನಾಯಿ ಪ್ರಾಣಬಿಟ್ಟಿತು.

ತೆರೆಯ ಮೇಲಿನ ಪ್ರಾಣಿಗೆ ಈ ಹೆಸರು ಎಷ್ಟು ಒಪ್ಪುತ್ತದೆಂಬುದನ್ನು ವಾಚಕರು ಗಮನಿಸಬೇಕು. ಬಾಲ್ಯದಲ್ಲಿ ಸಾಕಿದವರು ಬೆಳೆದು ದೊಡ್ಡವರಾಗಿ ಅದನ್ನು ಮರೆಯುತ್ತಾರೆ. ಅದು ಹಸಿವಿನಿಂದಲೇ ಕಾದಿರುತ್ತದೆ. ಆರ್ಗೋಸನಿಗೆ ದೊರೆತ ಮರಣದ ಬಿಡುಗಡೆಯೂ ಅದಕ್ಕಿಲ್ಲ. ಆ ಪ್ರಾಣಿಗೆ ಜೀವವಿಲ್ಲ, ಅದರ ಹಸಿವು ಹುಸಿ, ನಿಜ. ಆದರೆ ಅದಕ್ಕೆ ಆರ್ಗೋಸ್ ಎಂದು ಅರಿತು ಹೆಸರಿಟ್ಟ ಮಗುವು ನಂಬಿದವರನ್ನು ಮರೆಯುವುದೆಂದರೇನೆಂಬುದನ್ನೂ ಅರಿತಿರುತ್ತದೆ. ಆ ಅರಿವು ಹುಸಿಯಲ್ಲ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ, ದೇಶವಿದೇಶಗಳಲ್ಲಿ ಮನೆಮಾಡಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ಮಗುವು ತನ್ನ ಆಟದ ಪ್ರಾಣಿಗೆ ಪರ್ಸೆಫೊನಿ ಎಂದೋ ಇಕಾರಸ್ ಎಂದೋ ಹೆಸರಿಟ್ಟರೆ ಗದರಿಸಬೇಡಿ, ನಕ್ಕು ಸುಮ್ಮನಾಗಲೂಬೇಡಿ. "ಅವನು ಯಾರಪ್ಪ? ಅವಳಿಗೆ ಏನಾಯಿತಮ್ಮ?" ಎಂದು ಕೇಳಿ. ತಿಳಿಯದಿದ್ದರೆ ಜತೆಯಲ್ಲಿ ಕುಳಿತು ಆ ಕಥೆಯನ್ನು ಓದಿ. ವಿದ್ಯಾಭಿಮಾನಿಗಳಾದ ದಾನಿಗಳು ಶಾಲೆಯ ಪುಸ್ತಕಭಂಡಾರಕ್ಕೆ ನಮ್ಮ ಪುರಾಣಗಳೊಡನೆ ಅನ್ಯದೇಶಗಳ ಪುರಾಣಕಥೆಗಳನ್ನೂ ಒದಗಿಸಿಕೊಟ್ಟರೆ ಅದು ಸತ್ಪಾತ್ರದಾನವಾದೀತು. ಆಟವು ಮಗುವಿನ ಕೈಗೆ ಹೆಸರನ್ನು ಕೊಟ್ಟಿದೆ. ಅದರ ಕಥೆಯನ್ನು ಕೊಡುವ ಹೊಣೆ ನಮ್ಮದು.