ಯಂತ್ರದ ಮೇಲ್ಮೆ ಮತ್ತು ಮನೆಯ ನೀರು

ಬಟ್ಟೆ ಒಗೆಯುವ ಯಂತ್ರವನ್ನು ಕೊಳ್ಳಹೊರಟವರಿಗೆ ಅಂಗಡಿಯಲ್ಲಿಯೂ ನೆಂಟರಿಷ್ಟರ ಮನೆಗಳಲ್ಲಿಯೂ ಈಗ ಒಂದೇ ಉಪದೇಶ ದೊರೆಯುತ್ತದೆ: ‘ಟಾಪ್ ಲೋಡ್ ಹಳೇ ಕಾಲದ್ದು, ನಾಲ್ಕು ಕಾಸು ಹೆಚ್ಚಾದರೂ ಫ್ರಂಟ್ ಲೋಡನ್ನೇ ತೊಗೊಳ್ಳಿ.’ ಹೀಗೆ ಹೇಳುವವರಲ್ಲಿ ಬಹುಮಂದಿ, ಆ ಮನೆಗೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಯಂತ್ರದ ಮುಂದೆ ನಿಲ್ಲುವವರು ಯಾರು ಎಂಬುದನ್ನು ವಿಚಾರಿಸುವ ಗೋಜಿಗೇ ಹೋಗುವುದಿಲ್ಲ. ಉಪಕರಣವೊಂದರ ಶ್ರೇಷ್ಠತೆಯನ್ನು ಅದು ನಿಲ್ಲುವ ನೆಲದಿಂದಲೂ ಅದನ್ನು ದುಡಿಸುವ ಕೈಯಿಂದಲೂ ಬೇರ್ಪಡಿಸಿ ನಿರ್ಣಯಿಸಲಾಗದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ, ಹಳೆಯದು ಹೊಸದು ಎಂಬ ವಿಭಾಗವೇ ಚರಿತ್ರೆಗೆ ವಿರುದ್ಧವಾದುದು. ಅಮೆರಿಕದ ಬೆಂಡಿಕ್ಸ್ ಕಂಪನಿ 1937ರಲ್ಲಿ ಜನರ ಮುಂದಿಟ್ಟ, ಮನೆಬಳಕೆಯ ಸ್ವಯಂಚಾಲಿತ ಯಂತ್ರಗಳಲ್ಲಿ ಆದ್ಯವೆನ್ನಬಹುದಾದ ಯಂತ್ರಕ್ಕೆ ಬಾಗಿಲಿದ್ದುದು ಮುಂಭಾಗದಲ್ಲಿಯೇ. ಅದರ ಅದುರಾಟವನ್ನು ತಡೆಯಲು ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು. ಅದೇ ಅಮೆರಿಕದಲ್ಲಿ ಮುಂದೆ ಹಲವು ದಶಕಗಳ ಕಾಲ ಮೇಲೆ ಮುಚ್ಚಳವುಳ್ಳ ಯಂತ್ರಗಳೇ ಪ್ರಚಾರ ಪಡೆದುವು. ಏಕೆಂದರೆ ಅಲ್ಲಿಯ ವಿಶಾಲವಾದ ಮನೆಗಳಲ್ಲಿ ಒಗೆತಕ್ಕೆ ಪ್ರತ್ಯೇಕ ಸ್ಥಳವಿತ್ತು, ಬಿಸಿನೀರು ನಲ್ಲಿಯಲ್ಲಿಯೇ ಹರಿದು ಬರುತ್ತಿತ್ತು. ಯೂರೋಪಿನ ಇಕ್ಕಟ್ಟಾದ ಮನೆಗಳಲ್ಲಾದರೋ ಯಂತ್ರವು ಅಡಿಗೆಮನೆಯ ಕಟ್ಟೆಯ ಕೆಳಗೆ ಅಡಗಬೇಕಾಗಿದ್ದುದರಿಂದ ಬಾಗಿಲು ಮುಂದಕ್ಕೆ ಬಂದಿತು. ತಣ್ಣೀರನ್ನೇ ತೆಗೆದುಕೊಂಡು ತಾನೇ ಕಾಯಿಸಿಕೊಳ್ಳಬೇಕಾಗಿದ್ದುದರಿಂದ ಹೀಟರು ಒಳಸೇರಿತು. ಎರಡೂ ತಮ್ಮ ತಮ್ಮ ಮನೆಗಳಿಗೆ ತಕ್ಕ ಉತ್ತರಗಳೇ ಆಗಿದ್ದುವು. ಫ್ರಂಟ್ ಲೋಡ್ ಇದ್ದರೆ ಮನೆಗೊಂದು ಗೌರವವೆನ್ನುವವರ ವಾದಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಾಗಿಲ್ಲ.

ಆದರೆ ಅದೇ ಪಕ್ಷದಲ್ಲಿ ಗೌರವಿಸತಕ್ಕ ವಾದವೊಂದಿದೆ, ಅದು ನೀರಿನದು. ಮೇಲಿನಿಂದ ತುಂಬುವ ಯಂತ್ರದಲ್ಲಿ ಬಟ್ಟೆಗಳು ತೇಲಿ ತಿರುಗಬೇಕಾದುದರಿಂದ ಅವು ಮುಳುಗುವಷ್ಟು ನೀರು ಬೇಕು. ಮುಂದಿನಿಂದ ತುಂಬುವುದರಲ್ಲಿಯಾದರೆ ಅಡ್ಡವಾಗಿ ಮಲಗಿದ ಡ್ರಮ್ಮು ಬಟ್ಟೆಯನ್ನು ಮೇಲಕ್ಕೊಯ್ದು ಕೆಳಕ್ಕೆ ಕೆಡಹುತ್ತದೆ. ಅಗಸನು ಕಲ್ಲಿನ ಮೇಲೆ ಬಡಿದಂತೆ ಆ ಬೀಳುವಿಕೆಯೇ ಕೊಳೆಯನ್ನು ಬಿಡಿಸುವುದರಿಂದ, ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು. ನೊರೆ ಹೆಚ್ಚಾದರೆ ಬೀಳುವ ಬಟ್ಟೆಗೆ ಅದೇ ಹಾಸಿಗೆಯಾಗಿ ಪೆಟ್ಟಿನ ಬಲ ಕುಗ್ಗುತ್ತದೆ; ಆದುದರಿಂದಲೇ ಈ ಯಂತ್ರಕ್ಕೆ ನೊರೆ ಕಡಮೆ ಬರುವ ಬೇರೆಯ ಪುಡಿ. ಒಂದು ಸಲದ ಒಗೆತಕ್ಕೆ ಟಾಪ್ ಲೋಡ್ ಸುಮಾರು 100ರಿಂದ 150 ಲೀಟರು ಬೇಡಿದರೆ, ಫ್ರಂಟ್ ಲೋಡ್ 50–60 ಲೀಟರಿನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಹಂತಹಂತವಾಗಿ ಪಂಪು ಮಾಡಿ ಕಾವೇರಿಯನ್ನು ಕುಡಿಯುತ್ತಿರುವ ಬೆಂಗಳೂರಿನಲ್ಲಿ, 2024ರ ಬೇಸಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ ಜನರು ಟ್ಯಾಂಕರಿನ ಹಾದಿ ಕಾದುದನ್ನು ಕಂಡವರು ಈ ವ್ಯತ್ಯಾಸವನ್ನು ಅಲ್ಪವೆಂದು ತಳ್ಳಿಹಾಕಲಾರರು. ನಾನೂ ತಳ್ಳಿಹಾಕುವುದಿಲ್ಲ.

ಆದರೂ ಆ ಅಂಕಿಗಳು ಹೇಳುವುದು ಯಂತ್ರವು ಒಂದು ಸಲಕ್ಕೆ ಕುಡಿಯುವ ನೀರನ್ನು ಮಾತ್ರ. ಮನೆಯು ಖರ್ಚುಮಾಡುವ ನೀರು ಬೇರೆಯೇ ಲೆಕ್ಕ. ಈ ಭೇದವು ಸ್ಪಷ್ಟವಾಗಿ ಕಾಣುವುದು, ಎರಡು ತೊಟ್ಟಿಗಳ ಸೆಮಿ ಆಟೋಮ್ಯಾಟಿಕ್ ಯಂತ್ರವನ್ನು ಬಲ್ಲ ಗೃಹಿಣಿಯ ಕೆಲಸವನ್ನು ಹತ್ತಿರ ನಿಂತು ನೋಡಿದಾಗ. ನಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದಾರೆ. ಆಕೆ ಒಮ್ಮೆ ತುಂಬಿದ ಸೋಪಿನ ನೀರಿನಲ್ಲಿ ಮೊದಲು ಬಿಳಿಯ ಪಂಚೆ, ಬನಿಯನ್ನುಗಳನ್ನು ತಿರುಗಿಸುತ್ತಾರೆ. ಅವನ್ನು ತೆಗೆದು ಪಕ್ಕದ ಡ್ರೈಯರಿಗೆ ಹಾಕಿ, ಅದೇ ನೀರಿಗೆ ಮಕ್ಕಳ ಯೂನಿಫಾರಮ್ಮು, ನಿತ್ಯದ ಸೀರೆಗಳು. ಅವು ಎದ್ದಮೇಲೆ ಕಾಲೊರಸು ಮತ್ತು ಅಡಿಗೆಮನೆಯ ಮಸಿಬಟ್ಟೆ. ಜಾಲಿಸುವುದಕ್ಕೆ ಮುಂಚೆಯೇ ಬಟ್ಟೆಯನ್ನು ಒಮ್ಮೆ ಡ್ರೈಯರಿನಲ್ಲಿ ತಿರುಗಿಸಿ ಸೋಪಿನ ನೀರನ್ನು ಹಿಂಡಿಬಿಡುವುದರಿಂದ, ಮೂರು ಸಲ ಜಾಲಿಸಬೇಕಾದಲ್ಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಕೊನೆಗೆ ಹಿಂದಿನ ಪೈಪನ್ನು ಕೊಕ್ಕೆಯಿಂದ ಬಿಡಿಸಿ ಬಕೆಟ್ಟಿಗೆ ಇಳಿಬಿಡುತ್ತಾರೆ. ಆ ನೀರು ಬಚ್ಚಲನ್ನೂ ಹಿತ್ತಲ ಕಲ್ಲುಚಪ್ಪಡಿಯನ್ನೂ ತೊಳೆದು ಹೋಗುತ್ತದೆ. ನಲ್ಲಿಯಲ್ಲಿ ನೀರಿಲ್ಲದ ದಿನ ಸಂಪಿನಿಂದ ಸೇದಿ ಬಕೆಟ್ಟಿನಿಂದಲೇ ಯಂತ್ರವನ್ನು ತುಂಬುವುದೂ ಉಂಟು. ನಡುವೆ ಮರೆತ ಕರವಸ್ತ್ರವೊಂದು ಕಂಡರೆ ಮುಚ್ಚಳ ತೆಗೆದು ಹಾಕಲು ಯಾರ ಅಪ್ಪಣೆಯೂ ಬೇಡ. ಈ ಮಿತವ್ಯಯವನ್ನು ಯಾವ ಕಂಪನಿಯೂ ಯಂತ್ರದೊಳಗೆ ಇಟ್ಟು ಮಾರಿದುದಲ್ಲ; ಅದು ಆಕೆಯ ಬುದ್ಧಿಯದು.

ಅಷ್ಟು ಹೊತ್ತು ಆಕೆ ಅಲ್ಲಿಯೇ ನಿಂತಿರಬೇಕಲ್ಲವೆ ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆ. ನೀರಿನ ಉಳಿತಾಯವೆಲ್ಲ ಹೆಣ್ಣಿನ ಬೆನ್ನಿನ ಮೇಲೆಯೇ ಆಗಬೇಕೆಂದು ನಾನು ಹೇಳಲಾರೆ. ಗುಂಡಿ ಒತ್ತಿ ಎದ್ದುಹೋಗುವ ಸ್ವಾತಂತ್ರ್ಯ ದೊಡ್ಡದೇ, ಅದು ಆಕೆಗೂ ಸಲ್ಲಬೇಕು. ಆದರೆ ಈ ಸ್ವಾತಂತ್ರ್ಯದ ಕಥೆಯೂ ಸರಳವಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ ಅವರು 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥದಲ್ಲಿ, ಮನೆಗೆ ಯಂತ್ರಗಳು ಬಂದಂತೆ ಶುಚಿತ್ವದ ಮಟ್ಟ ಏರಿ, ಹಿಂದೆ ಇತರರು ಹಂಚಿಕೊಳ್ಳುತ್ತಿದ್ದ ಕೆಲಸವೂ ತಾಯಿಯ ಪಾಲಿಗೇ ಬಂದು, ಆಕೆಯ ದುಡಿಮೆಯ ಹೊತ್ತು ನಿರೀಕ್ಷಿಸಿದಷ್ಟು ಇಳಿಯಲಿಲ್ಲವೆಂಬುದನ್ನು ವಿಶದವಾಗಿ ತೋರಿಸಿದ್ದಾರೆ. ಇಲ್ಲಿಯೂ ಆಗುತ್ತಿರುವುದು ಅದೇ. ಒಂದು ಗಳಿಗೆ ತೊಟ್ಟ ಅಂಗಿಯನ್ನು ಕೊಡವಿ ಗೂಟಕ್ಕೆ ಹಾಕುತ್ತಿದ್ದವರು ಈಗ ಅದನ್ನು ಡ್ರಮ್ಮಿಗೆ ಎಸೆಯುತ್ತಾರೆ. ವಾರಕ್ಕೆ ಎರಡಾವರ್ತಿ ತಿರುಗುತ್ತಿದ್ದ ಯಂತ್ರವು ದಿನಕ್ಕೊಮ್ಮೆ ತಿರುಗತೊಡಗಿದರೆ, ಒಂದೊಂದು ಸಲಕ್ಕೆ ಅರ್ಧ ನೀರನ್ನು ಉಳಿಸಿ ಬಂದ ಭಾಗ್ಯವೇನು? ತಮ್ಮ ಒಂದು ಕರವಸ್ತ್ರವನ್ನೂ ತಂತಿಯ ಮೇಲೆ ಹರವದ ಗಂಡಸರು ಅಂಗಡಿಯಲ್ಲಿ ನಿಂತು ಸಾವಿರದ ನಾನೂರು ಸುತ್ತಿನ ಸ್ಪಿನ್ನಿನ ಗುಣಗಾನ ಮಾಡುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ದಿನವೂ ಬಗ್ಗಿ ಒದ್ದೆಬಟ್ಟೆ ಎಳೆಯಬೇಕಾದ, ಬಾಗಿಲ ಸುತ್ತಿನ ರಬ್ಬರಿನ ಮಡಿಕೆಯಲ್ಲಿ ನಿಂತ ನೀರನ್ನು ಒರಸಿ ಬೂಷ್ಟು ಕಟ್ಟದಂತೆ ಕಾಯಬೇಕಾದ ಮಂಡಿನೋವಿನ ಅತ್ತೆಯನ್ನು ಕೇಳಿ ಕೊಂಡವರು ಎಷ್ಟು ಮಂದಿ?

ಹಗಲಿರುಳೂ ಒಂದೇ ಒತ್ತಡದಿಂದ ನೀರು ಬರುವ, ಎಳೆಯ ಮಕ್ಕಳ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕಾದ, ಬಗ್ಗಲು ಕಷ್ಟವಿಲ್ಲದ ಮನೆಗೆ ಫ್ರಂಟ್ ಲೋಡನ್ನೇ ತನ್ನಿರೆಂದು ನಾನೂ ಹೇಳುವೆನು. ಬೋರ್‌ವೆಲ್ಲಿನ ಗಡಸು ನೀರಿನ ಮನೆಯಲ್ಲಿ ಅದರ ಹೀಟರಿಗೆ ಸುಣ್ಣದ ಪದರ ಕಟ್ಟುವುದನ್ನೂ, ಎರಡು ಗಂಟೆಯ ಒಗೆತದ ನಡುವೆ ಕರೆಂಟು ಹೋಗುವುದನ್ನೂ ಮೊದಲೇ ತಿಳಿಸಬೇಕು. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ 2008ರ ಸುಮಾರಿನಲ್ಲಿಯೇ 24 ಗಂಟೆಯ ನೀರು ಬಂದಿತು. ಅದೇ ಊರುಗಳಲ್ಲಿ ಹಲವು ದಿನಗಳಿಗೊಮ್ಮೆ ನಲ್ಲಿ ಬರುವ ಬಡಾವಣೆಯವರಿಗೆ ಆ ವಾರ್ಡಿನವರ ಯಂತ್ರವನ್ನೇ ಹೊಗಳಿ ಮಾರುವುದು ಸಲಹೆಯಲ್ಲ. ಇನ್ನು ನೀರಿನ ಚಿಂತೆ ನಿಜವಾಗಿಯೂ ಉಳ್ಳವರು ಮಾಡಬೇಕಾದ ಕೆಲಸ ಅಂಗಡಿಯಲ್ಲಿಲ್ಲ, ಕಟ್ಟಡದಲ್ಲಿದೆ: ಅಪಾರ್ಟ್‌ಮೆಂಟಿನ ನಕಾಶೆ ಬರೆಯುವಾಗಲೇ, ಯಂತ್ರವು ಯಾವುದೇ ಇರಲಿ, ಅದು ಹೊರಗೆ ಬಿಡುವ ನೀರು ಕೊಳಚೆಯ ಮೋರಿಗೆ ಸೇರದೆ ಬೇರೆಯೊಂದು ತೊಟ್ಟಿಗಿಳಿದು, ಸೋಸಿಕೊಂಡು, ಕಕ್ಕಸಿನ ಫ್ಲಶ್ಶಿಗೆ ಏರುವಂತೆ ಒಂದು ಪ್ರತ್ಯೇಕವಾದ ಪೈಪನ್ನು ಇರಿಸಬೇಕು, ಗೋಡೆ ಎದ್ದಮೇಲೆ ಆ ಪೈಪನ್ನು ಹಾಕಿಸಹೊರಟರೆ ಮನೆಮನೆಯ ಟೈಲ್ಸನ್ನು ಒಡೆಯಬೇಕಾಗುತ್ತದೆ.