ಪದದ ಕೊನೆ ಕತ್ತರಿಸಬೇಡಿ

ವಯಸ್ಸಾದವರು ಹಾಡಿದರೆ ನಮ್ಮ ಬಾಯಲ್ಲಿ ಎರಡೇ ಮಾತು. ಒಂದು, "ಪಾಪ, ಈ ವಯಸ್ಸಲ್ಲೂ ಹಾಡ್ತಾರೆ." ಇನ್ನೊಂದು, "ಮೊದಲಿನ ಖದರ್ ಇಲ್ಲ ಬಿಡ್ರಿ." ಎರಡೂ ಹಾಡು ಕೇಳಿಸಿಕೊಂಡವರ ಮಾತಲ್ಲ.

ಇದನ್ನು ಬರೆಯಲು ಕಾರಣ ಒಂದು ಹಳೇ ಸಿನಿಮಾ, 2006ರ 'ನೀಲ್ ಯಂಗ್: ಹಾರ್ಟ್ ಆಫ್ ಗೋಲ್ಡ್'. ಕಥೆ, ಫೈಟು ಏನೂ ಇಲ್ಲ. ಒಬ್ಬ ಗಾಯಕ, ಅವನ ಜೊತೆಗಾರರು, ಒಂದು ವೇದಿಕೆ, ಅಷ್ಟೇ. ನೀಲ್ ಯಂಗ್ ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದವರು. ಜನಪದ ಧಾಟಿಗೆ ರಾಕ್ ಸಂಗೀತ ಬೆರೆಸಿ ಹಾಡುವವರು. ನಮ್ಮಂಥವರಿಗೆ ಇನ್ನೊಂದು ಪರಿಚಯವೂ ಉಂಟು: ಸಾಲ ತೀರಿಸಲಾಗದೆ ಅಮೆರಿಕದ ರೈತರು ಹೊಲ ಕಳೆದುಕೊಳ್ಳುತ್ತಿದ್ದಾಗ, 1985ರಲ್ಲಿ ವಿಲ್ಲಿ ನೆಲ್ಸನ್, ಜಾನ್ ಮೆಲೆನ್‌ಕ್ಯಾಂಪ್ ಜೊತೆ ಸೇರಿ 'ಫಾರ್ಮ್ ಏಡ್' ಎಂಬ ಸಂಗೀತ ಕಾರ್ಯಕ್ರಮ ಶುರು ಮಾಡಿ ರೈತರಿಗೆ ಹಣ ಕೂಡಿಸಿದವರಲ್ಲಿ ಅವರೂ ಒಬ್ಬರು.

2005ರ ಮಾರ್ಚ್‌ನಲ್ಲಿ ಅವರ ಮೆದುಳಿನ ರಕ್ತನಾಳವೊಂದು ಉಬ್ಬಿಕೊಂಡಿದೆ ಎಂದು ವೈದ್ಯರು ಹೇಳಿದರು. ಒಡೆದರೆ ಜೀವಕ್ಕೇ ಅಪಾಯ. ಚಿಕಿತ್ಸೆಗೆ ಇನ್ನೂ ಕೆಲವು ದಿನ ಇತ್ತು. ಮನುಷ್ಯ ಸುಮ್ಮನೆ ಕೂರಲಿಲ್ಲ, ನ್ಯಾಶ್‌ವಿಲ್ ಊರಿಗೆ ಹೋಗಿ ಹೊಸ ಹಾಡು ಕಟ್ಟಿ ರೆಕಾರ್ಡ್ ಮಾಡಿದರು. ಜೂನ್‌ನಲ್ಲಿ ತಂದೆ ತೀರಿಕೊಂಡರು. ಆಗಸ್ಟ್‌ನಲ್ಲಿ ಅದೇ ಊರಿನ ರೈಮನ್ ಸಭಾಂಗಣದಲ್ಲಿ ಎರಡು ರಾತ್ರಿ ಹಾಡಿದರು. ಆಗ ವಯಸ್ಸು 59. ಅದನ್ನೇ ಜೊನಾಥನ್ ಡೆಮಿ ಸಿನಿಮಾ ಮಾಡಿದರು.

ಸಿನಿಮಾಕ್ಕೆ ಹೊಗಳಿಕೆ ಬೇಕಾದಷ್ಟು ಬಂತು. ಆದರೆ ಹೊಗಳಿದವರಲ್ಲಿ ಬಹಳ ಜನ ಕಾಯಿಲೆಯಿಂದ ಎದ್ದು ಬಂದವನನ್ನು ನೋಡಿ ಕಣ್ಣೊರೆಸಿಕೊಂಡರು. ಹಳೇ ಅಭಿಮಾನಿಗಳ ಗೊಣಗಾಟ ಬೇರೆ: ಎಲೆಕ್ಟ್ರಿಕ್ ಗಿಟಾರ್ ಗುಡುಗು ಎಲ್ಲಿ? ಪೂರ್ತಿ ಮೆತ್ತಗಾಗಿದ್ದಾನಲ್ಲ? ಚರ್ಚಿನಲ್ಲಿ ಕೂತ ಹಾಗಿದೆಯಲ್ಲ?

ಮೊದಲು ಗೊಣಗುವವರಿಗೆ ಉತ್ತರ. ಆ ಸಭಾಂಗಣ 1892ರಲ್ಲಿ ಶುರುವಾಗಿದ್ದೇ ಪ್ರಾರ್ಥನೆಯ ಮನೆಯಾಗಿ. ಅಲ್ಲಿ ಕೂತು ಚರ್ಚಿನ ಹಾಗಿದೆ ಎಂದರೆ, ಮಠದ ಭಜನೆಗೆ ಹೋಗಿ ಡಿಜೆ ಕೇಳಿದ ಹಾಗೆ. ಇನ್ನು ಮೆತ್ತಗಾಗಿದ್ದು ಯಾರು? ಸಿನಿಮಾ ತೆರೆಗೆ ಬಂದ ಅದೇ ವರ್ಷ ಈ ಮನುಷ್ಯ ಇರಾಕ್ ಯುದ್ಧದ ವಿರುದ್ಧ 'ಲಿವಿಂಗ್ ವಿತ್ ವಾರ್' ಎಂಬ ಇಡೀ ಆಲ್ಬಂ ತಂದು ಅಮೆರಿಕದ ಅಧ್ಯಕ್ಷರನ್ನೇ ತರಾಟೆಗೆ ತೆಗೆದುಕೊಂಡರು. ದನಿ ತಗ್ಗಿಸಿದವರೆಲ್ಲ ತಲೆ ತಗ್ಗಿಸಿದವರಲ್ಲ.

ಈಗ ಕಣ್ಣೊರೆಸುವವರಿಗೆ. 'ಓಲ್ಡ್ ಮ್ಯಾನ್' 1972ರ ಹಾಡು. ಅದನ್ನು ಹಾಡುವ ಮೊದಲು ಯಂಗ್ ಒಂದು ಕಥೆ ಹೇಳುತ್ತಾರೆ. ಹುಡುಗನಾಗಿದ್ದಾಗಲೇ ಕೈಗೆ ದುಡ್ಡು ಬಂದು ಒಂದು ದೊಡ್ಡ ಜಮೀನು ಕೊಂಡರಂತೆ. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ, ಇಷ್ಟು ಚಿಕ್ಕವನಿಗೆ ಇಷ್ಟು ಜಮೀನು ಹೇಗೆ ಬಂತು ಎಂದು ಕೇಳಿದ. ಆ ಮುದುಕನಿಗಾಗಿ ಕಟ್ಟಿದ ಹಾಡು ಅದು. ಈಗ ಹಾಡುವವರಿಗೇ ವಯಸ್ಸಾಗಿದೆ. ಅದೇ ಹಾಡು, ಆದರೆ ಅರ್ಥ ಮಗ್ಗುಲು ಬದಲಿಸಿದೆ. ಇದು 'ಪಾಪ' ಎನ್ನುವ ವಿಷಯವೇ? ಹರೆಯದ ಹುಡುಗ ಹಾಡಿದಾಗ ಆ ಹಾಡಿನಲ್ಲಿ ಇಲ್ಲದ್ದು ಈಗ ಬಂದು ಸೇರಿದೆ. ವಯಸ್ಸು ಅವರಿಂದ ಕಿತ್ತುಕೊಂಡದ್ದನ್ನೇ ಲೆಕ್ಕ ಹಾಕುವವರಿಗೆ, ಕೊಟ್ಟದ್ದು ಕಾಣುವುದಿಲ್ಲ.

ಡೆಮಿಗೆ ಕಂಡಿತು. ಅವರ ಕ್ಯಾಮೆರಾ ಚಪ್ಪಾಳೆ ಹೊಡೆಯುವವರ ಮುಖ ಹುಡುಕಿ ಹೋಗುವುದಿಲ್ಲ. ಅಳುವವರನ್ನು ತೋರಿಸಿ ನಮ್ಮನ್ನು ಅಳಿಸುವುದಿಲ್ಲ. ಹಾಡುವವರ ಮೇಲೆ, ಜೊತೆಗೆ ನುಡಿಸುವವರ ಮೇಲೆ ಸಾವಧಾನವಾಗಿ ನಿಲ್ಲುತ್ತದೆ. ಕೊನೆಗೆ ಹೆಸರುಗಳು ಬರುವಾಗ ಖಾಲಿ ಕುರ್ಚಿಗಳ ಎದುರು ಯಂಗ್ ಒಬ್ಬರೇ ಕೂತು ಹಾಡುತ್ತಾರೆ. ಆಗಲೂ ಕ್ಯಾಮೆರಾ ಎದ್ದು ಹೋಗುವುದಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಪತ್ರಿಕೋದ್ಯಮ ಓದಿ ಊರಿಗೆ ಬಂದ ಹೊಸದರಲ್ಲಿ, ಏಕತಾರಿ ಹಿಡಿದು ತತ್ವಪದ ಹಾಡುವ ನಮ್ಮೂರ ಅಜ್ಜನನ್ನು ಫೋನಿನಲ್ಲಿ ಚಿತ್ರಿಸಿದೆ. ಅಜ್ಜ ನಲವತ್ತು ನಿಮಿಷ ಹಾಡಿದರು. ನಾನು ಮೂವತ್ತು ಸೆಕೆಂಡು ಕತ್ತರಿಸಿ, ನಡುಗುವ ಕೈಯನ್ನು ದೊಡ್ಡದಾಗಿ ತೋರಿಸಿ, ಅಳುವ ಸಂಗೀತ ಅಂಟಿಸಿ ರೀಲ್ಸ್ ಮಾಡಿದೆ. ಲೈಕು ಮಳೆಯಂತೆ ಸುರಿಯಿತು. ಕೆಳಗೆ ಬಂದ ಮಾತು ಮಾತ್ರ ಅವೇ ಎರಡು. ಅಜ್ಜನಿಗೆ ತೋರಿಸಿದೆ. ನೋಡಿ ಕೇಳಿದ್ದು ಒಂದೇ: "ಪದದ ಕೊನಿ ಎಲ್ಲಿ ಹೋತೋ ತಮ್ಮಾ?"

ತತ್ವಪದದ ಕೊನೆಯಲ್ಲಿ ಅಂಕಿತ ಬರುತ್ತದೆ. ಶರೀಫರ ಪದಗಳಲ್ಲಿ ಶಿಶುನಾಳಾಧೀಶನ ಹೆಸರು ಬರುವುದು ಅಲ್ಲೇ. ಪದ ಯಾರದು, ಯಾರಿಗೆ ಒಪ್ಪಿಸಿದ್ದು ಎಂದು ಹೇಳುವ ಜಾಗ ಅದು. ನಾನು ಕತ್ತರಿಸಿ ಎಸೆದದ್ದು ಅದನ್ನೇ. ಅಜ್ಜನ ನಡುಕ ಉಳಿಸಿಕೊಂಡು ಪದದ ಒಡೆಯನನ್ನು ಹೊರಗೆ ಹಾಕಿದ್ದೆ.

"ಡೆಮಿ ಹತ್ತಿರ ದುಡ್ಡಿತ್ತು, ದೊಡ್ಡ ಕ್ಯಾಮೆರಾ ಇತ್ತು" ಎನ್ನಬಹುದು. ಒಪ್ಪುತ್ತೇನೆ. ಆದರೆ ಪದ ಮುಗಿಯುವ ತನಕ ಕೈ ಅಲ್ಲಾಡಿಸದೆ ಫೋನ್ ಹಿಡಿಯಲು ದುಡ್ಡು ಬೇಕಿಲ್ಲ. "ಅಷ್ಟುದ್ದ ಯಾರು ನೋಡ್ತಾರೆ?" ಎನ್ನುತ್ತೀರಾ? ಹತ್ತೇ ಜನ ನೋಡಲಿ. ಆ ಹತ್ತರಲ್ಲಿ ಒಬ್ಬ ಮೊಮ್ಮಗಳು ಪದ ಕಲಿತರೆ ಸಾಕು. ಮೂವತ್ತು ಸೆಕೆಂಡಿನಿಂದ ಯಾರೂ ಪದ ಕಲಿಯಲಾರರು.

ಮುಂದಿನ ಅಮಾವಾಸ್ಯೆ ಭಜನೆಗೆ ನಿಮ್ಮೂರಲ್ಲೂ ಅಜ್ಜ, ಅಜ್ಜಿಯರು ಕೂರುತ್ತಾರೆ. ಫೋನಿನಲ್ಲಿ ಜಾಗ ಖಾಲಿ ಮಾಡಿಕೊಂಡು ಹೋಗಿ. ಪಕ್ಕದಲ್ಲಿ ತಾಳ ಹಾಕುವವರನ್ನೂ ತೋರಿಸಿ, ಹೆಸರು ಕೇಳಿ ಬರೆದುಕೊಳ್ಳಿ. ಅಂಕಿತ ಬರುವ ತನಕ ಬಟನ್ ಒತ್ತಬೇಡಿ.